ಡಿಜಿಟಲ್ ವರ್ಕ್‌ಶೀಟ್: ಟಿಕ್ ಹಾಕಿಸೋದು ಸುಲಭ, ‘ಯಾಕೆ’ ಅಂತ ಕೇಳೋದು ಕಷ್ಟ

ಬಲ್ಬಿನೊಳಗೆ ಹಾದುಹೋದ ಮೇಲೆ ವಿದ್ಯುತ್ ಪ್ರವಾಹ ಕಡಿಮೆಯಾಗುತ್ತದೆಯೇ? ಹತ್ತನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ‘ಹೌದು’ ಅನ್ನೋ ಮಕ್ಕಳು ಬೇಕಾದಷ್ಟು ಸಿಗುತ್ತಾರೆ. ಬಲ್ಬ್ ಉರಿಯಬೇಕಾದರೆ ಸ್ವಲ್ಪ ಕರೆಂಟ್ ಖರ್ಚಾಗಲೇಬೇಕಲ್ಲ ಅನ್ನೋದು ಅವರ ತರ್ಕ. ಉತ್ತರ ತಪ್ಪು. ಆದರೆ ಆ ಮಗು ಯೋಚಿಸಿದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಡಿಜಿಟಲ್ ವರ್ಕ್‌ಶೀಟ್‌ಗಳ ಮೇಲಿರುವ ತಕರಾರು ಇಲ್ಲೇ ಶುರುವಾಗುತ್ತದೆ. ನಮ್ಮ ಕೈಗೆ ಬರುವ ಬಹುತೇಕ ವರ್ಕ್‌ಶೀಟ್‌ಗಳಲ್ಲಿ ಇರೋದು ನಾಲ್ಕು ಆಯ್ಕೆಯ ಪ್ರಶ್ನೆ. ‘ಬ್ಯಾಟರಿ 9 ವೋಲ್ಟ್, ರೋಧ 10 ಓಮ್, ಪ್ರವಾಹ ಎಷ್ಟು?’ ಭಾಗಿಸಿದರೆ 0.9 ಆಂಪಿಯರ್. ಹಸಿರು ಟಿಕ್ ಬೀಳುತ್ತೆ, ಅಂಕ ತಾನಾಗಿಯೇ ಪಟ್ಟಿಗೆ ಸೇರುತ್ತೆ. ಕರೆಂಟ್ ಬಲ್ಬಿನಲ್ಲಿ ಖರ್ಚಾಗುತ್ತೆ ಅಂತ ನಂಬಿದ ಮಗುವಿಗೂ ಪೂರ್ತಿ ಅಂಕ! ಅದರ ತಪ್ಪು ತಿಳಿವಳಿಕೆ ಇದ್ದ ಹಾಗೇ ಇರುತ್ತೆ.

ಹಾಗಂತ ಡಿಜಿಟಲ್ ಬೇಡವೇ? ಖಂಡಿತ ಬೇಕು. ಭೌತವಿಜ್ಞಾನಿ ಕಾರ್ಲ್ ವೀಮನ್ 2001ರಲ್ಲಿ ನೊಬೆಲ್ ಪಡೆದರು. ಮರುವರ್ಷ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ‘ಫೆಟ್’ ಯೋಜನೆ ಶುರುಮಾಡಿದರು. ಪರದೆಯ ಮೇಲೆ ಮಾಡಬಹುದಾದ ವಿಜ್ಞಾನ ಪ್ರಯೋಗಗಳು ಅಲ್ಲಿ ಉಚಿತವಾಗಿ ಸಿಗುತ್ತವೆ, ಹಲವು ಕನ್ನಡದಲ್ಲೂ ಇವೆ. ಅದರಲ್ಲಿ ಮಂಡಲ ಜೋಡಿಸಿ, ಬಲ್ಬಿನ ಎರಡೂ ಬದಿಗೆ ಅಮ್ಮೀಟರ್ ಇಡಬಹುದು.

ಇದಕ್ಕೆ ಬೇಕಾದ ವರ್ಕ್‌ಶೀಟ್‌ನಲ್ಲಿ ಮೂರೇ ಹಂತ. ಊಹಿಸು, ನೋಡು, ವಿವರಿಸು. ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ 1992ರ ತಮ್ಮ ಪುಸ್ತಕದಲ್ಲಿ ವಿವರಿಸಿದ ವಿಧಾನ ಇದು. ಎರಡನೇ ಅಮ್ಮೀಟರ್ ಎಷ್ಟು ತೋರಿಸುತ್ತೆ ಅಂತ ಮಕ್ಕಳು ಮೊದಲೇ ಬರೆದಿಡಬೇಕು. ಆಮೇಲೆ ಸ್ವಿಚ್ ಹಾಕೋದು. ಎರಡರಲ್ಲೂ 0.9! ಹಾಗಾದರೆ ಖರ್ಚಾಗಿದ್ದು ಏನು? ಶಕ್ತಿ. ಅದು ಬೆಳಕಾಗಿ, ಶಾಖವಾಗಿ ಬದಲಾಯಿತು. ವಿದ್ಯುತ್ ಆವೇಶ ಎಲ್ಲೂ ಕಳೆದುಹೋಗಲಿಲ್ಲ. ಗೃಹಜ್ಯೋತಿಯ 200 ಯೂನಿಟ್ ಅಂತೀವಲ್ಲ, ಆ ಯೂನಿಟ್ ಅಂದರೆ ಕಿಲೋವ್ಯಾಟ್-ಗಂಟೆ, ಅಂದರೆ ಶಕ್ತಿಯ ಲೆಕ್ಕ. ಮನೆಯ ಕರೆಂಟ್ ಬಿಲ್ಲು ಪಾಠದೊಳಕ್ಕೆ ಬರೋದು ಹೀಗೆ.

ಮೂರನೇ ಹಂತದ ‘ವಿವರಿಸು’ಗೆ ಟಿಕ್ ಸಾಲದು. ಮಗು ಎರಡು ಸಾಲು ಬರೀಬೇಕು, ಅದನ್ನು ಟೀಚರ್ ಓದಬೇಕು. ಅಂದರೆ ಟೀಚರ್ ಇರಬೇಕು, ಅವರಿಗೆ ಪುರಸೊತ್ತೂ ಇರಬೇಕು. ಇದು ರಾಜಕೀಯದ ಪ್ರಶ್ನೆ.

ಇನ್ನೊಂದು ಪ್ರಶ್ನೆ ಫೋನಿನದು. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ ಹೋಂವರ್ಕ್ ಕೊಟ್ಟಂತಾಯಿತು ಅಂದುಕೊಳ್ಳುತ್ತೇವೆ. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ಬಗ್ಗೆ ನಡೆದ ‘ಅಸರ್ 2023’ ಸಮೀಕ್ಷೆ ನೋಡಿ. ಸ್ಮಾರ್ಟ್‌ಫೋನ್ ಬಳಸಲು ಬರುವವರಲ್ಲಿ ಸ್ವಂತ ಫೋನ್ ಇರುವ ಹುಡುಗರು ಶೇ. 43.7, ಹುಡುಗಿಯರು ಶೇ. 19.8. ಮನೆಯಲ್ಲಿ ಫೋನ್ ಇದ್ದರೂ ಅದು ಅಪ್ಪನದೋ ಅಣ್ಣನದೋ ಆಗಿರುತ್ತೆ. ಅವರು ಮನೆಗೆ ಬಂದ ಮೇಲೆ ಆಕೆಯ ವಿಜ್ಞಾನ ಶುರು.

ಇದಕ್ಕೆ ದೊಡ್ಡ ಬಜೆಟ್ ಏನೂ ಬೇಕಿಲ್ಲ. ಫೆಟ್ ಪ್ರಯೋಗಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ತರಗತಿಗೆ ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಮಕ್ಕಳ ಕೈಯಲ್ಲಿ ಜೆರಾಕ್ಸ್ ಹಾಳೆ ಇದ್ದರೆ ಸಾಕು. ಪ್ರಯೋಗ ಪರದೆಯ ಮೇಲೆ, ಬರವಣಿಗೆ ಹಾಳೆಯ ಮೇಲೆ. ನಿಜವಾದ ಬ್ಯಾಟರಿ, ಬಲ್ಬು ಸಿಕ್ಕರೆ ಇನ್ನೂ ಒಳ್ಳೆಯದು, ಅದನ್ನೂ ಮಾಡಿಸಬೇಕು.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಕರ್ತವ್ಯ ಅನ್ನುತ್ತೆ ಸಂವಿಧಾನದ 51ಎ(ಎಚ್) ವಿಧಿ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತಿದರೆ ಆ ಮನೋಭಾವ ಬರಲ್ಲ. ಮುಂದಿನ ಸಲ ನಿಮ್ಮೂರಿನ ಶಾಲೆಗೆ ಟ್ಯಾಬ್ ಕೊಟ್ಟ ಫೋಟೊ ಕಂಡರೆ ಎರಡು ವಿಷಯ ವಿಚಾರಿಸಿ. ಆ ಶಾಲೆಯಲ್ಲಿ ಕಾಯಂ ವಿಜ್ಞಾನ ಶಿಕ್ಷಕರಿದ್ದಾರಾ? ಮಕ್ಕಳು ‘ಯಾಕೆ’ ಅಂತ ಬರೆದಿದ್ದನ್ನು ಓದೋರು ಯಾರು?