ಬ್ಯಾಂಡ್‌ಸ್ಟ್ಯಾಂಡ್‌ನಿಂದ ಹನೇಹಳ್ಳಿಗೆ: ಕಾಲೇಜಿನ ನಡುವೆ ಒಂದು ಕಾಲ್ನಡಿಗೆ

ಟಾಲ್ಕಿನ್ನರ ‘ದ ಲಾರ್ಡ್ ಆಫ್ ದ ರಿಂಗ್ಸ್’ (1954–55) ಮೆಚ್ಚಿದ ಓದುಗರು ಕೆಲವರು, ಅದರ ನಾಯಕ ಫ್ರೋಡೋ ನಡೆದಷ್ಟೇ ದೂರವನ್ನು ತಮ್ಮ ಊರಿನಲ್ಲಿಯೇ ನಡೆದು ಮುಗಿಸುವ ಸಂಕಲ್ಪ ಮಾಡುತ್ತಾರೆ. ಕರೆನ್ ಫಾನ್‌ಸ್ಟಡ್ ಅವರ 1981ರ ಭೂಪಟ ಸಂಪುಟವನ್ನು ಆಧರಿಸಿದ ಲೆಕ್ಕದಂತೆ ಹಾಬಿಟನ್ನಿನಿಂದ ರಿವೆಂಡೆಲ್‌ಗೆ 458 ಮೈಲಿ, ಅಂದರೆ ಸುಮಾರು 737 ಕಿ.ಮೀ. ಪ್ರತಿದಿನದ ನಡಿಗೆಯನ್ನು ಬರೆದಿಟ್ಟು ಕೂಡಿಸುತ್ತ ಹೋಗುವುದು, ಇಷ್ಟೇ ವಿಧಾನ.

ಬಾಂದ್ರಾದ ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ ದಾರಿಯೊಂದಿದೆ. ‘ಶಿಕಾರಿ’ (1979) ಬರೆದ ಯಶವಂತ ಚಿತ್ತಾಲರು (1928–2014) ವಾಸವಾಗಿದ್ದುದು ಇಲ್ಲಿಯ ಬ್ಯಾಂಡ್‌ಸ್ಟ್ಯಾಂಡ್‌ನ ಕಡಲೆದುರು. ಅವರ ಕಥೆಗಳು ಮತ್ತೆ ಮತ್ತೆ ಮರಳಿದ್ದು ಉತ್ತರ ಕನ್ನಡದ ಹುಟ್ಟೂರು ಹನೇಹಳ್ಳಿಗೆ. ಕರಾವಳಿ ಹೆದ್ದಾರಿಯಲ್ಲಿ ಸ್ಥೂಲವಾಗಿ 700 ಕಿ.ಮೀ.; ಹೆಚ್ಚುಕಡಿಮೆ ರಿವೆಂಡೆಲ್ಲಿನಷ್ಟೇ ದೂರ!

ದಿನಕ್ಕೆ 5 ಕಿ.ಮೀ.ನಂತೆ ವಾರದಲ್ಲಿ ಐದು ದಿನ ನಡೆದರೆ 28 ವಾರ. ನಿತ್ಯ ಒಂದು ಗಂಟೆ ಬೇಕು. ಅದನ್ನೆಲ್ಲ ಓದಿನಿಂದ ಕದಿಯಬೇಕಿಲ್ಲ. ರೈಲು ನಿಲ್ದಾಣದಿಂದ ಕಾಲೇಜಿಗೆ ರಿಕ್ಷಾ ಬಿಟ್ಟು ನಡೆದರೆ ಒಂದಷ್ಟು ದೂರ ಅಲ್ಲಿಯೇ ಸಂದೀತು. ಪರೀಕ್ಷೆಯ ವಾರಗಳಲ್ಲಿ ದಿನಕ್ಕೆ 2 ಕಿ.ಮೀ. ಸಾಕು, ಊರು ತುಸು ತಡವಾಗಿ ಬರಲಿ. ಬಾಕಿಯನ್ನು ಒಂದೇ ಭಾನುವಾರ ತೀರಿಸಹೊರಟರೆ ಮೊಣಕಾಲು ಕೇಳದು. ಮಳೆಗಾಲದ ಉಬ್ಬರದಲ್ಲಿ ಕಡಲಂಚಿನ ಬಂಡೆಗಳತ್ತ ಇಳಿಯಲೇಬಾರದು.

ಪ್ರತಿ 100 ಕಿ.ಮೀ.ಗೆ ಚಿತ್ತಾಲರ ಒಂದು ಕಥೆ ಎಂದಿಟ್ಟುಕೊಳ್ಳಬಹುದು. ಕನ್ನಡ ಮಾತನಾಡಬಲ್ಲ, ಆದರೆ ಓದಲಾರದ ಮಕ್ಕಳು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಅಂಥವರಿಗೆ ಅಜ್ಜಿಯೋ ತಂದೆಯೋ ಓದಿ ಹೇಳಬೇಕಾದೀತು. ಏಳನೆಯ ಕಥೆಗೆ ಹನೇಹಳ್ಳಿ.