ನಿಮಗಿದು ಗೊತ್ತೇ? ತಪ್ಪಿದ ಭುಜ, ಊದಿದ ಮೊಣಕೈ

ಮೈಯ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಸಲ ತಪ್ಪುವುದು ಭುಜ. ತೋಳಿನ ಎಲುಬಿನ ದುಂಡು ತಲೆ ಕೂರುವ ಗುಂಡಿಗೆ ಆಳವೇ ಇಲ್ಲ. ಕೈ ಎಲ್ಲ ದಿಕ್ಕಿಗೂ ತಿರುಗುವುದು ಅದರಿಂದಲೇ, ಜಾರುವುದೂ ಅದರಿಂದಲೇ. ತಪ್ಪಿದ 100 ಭುಜಗಳಲ್ಲಿ ಸುಮಾರು 95 ಮುಂದಕ್ಕೇ ಜಾರಿರುತ್ತವೆ.

ಈಜಿಪ್ಟಿನ ಇಪುಯ್ ಎಂಬಾತನ ಸುಮಾರು 3,200 ವರ್ಷ ಹಳೆಯ ಸಮಾಧಿಯ ಗೋಡೆಯ ಮೇಲೆ ಒಬ್ಬನ ಭುಜ ಕೂರಿಸುತ್ತಿರುವಂಥ ಚಿತ್ರವಿದೆ. ಗ್ರೀಸಿನ ಹಿಪಾಕ್ರಟಿಸ್ ಕಂಕುಳಿಗೆ ಹಿಮ್ಮಡಿ ಊರಿ ಕೈ ಎಳೆಯುವ ಕ್ರಮ ಹೇಳಿದ. 1870ರಲ್ಲಿ ಸ್ವಿಟ್ಜರ್ಲೆಂಡಿನ ಥಿಯೋಡೋರ್ ಕೋಕರ್ ಕೈಯನ್ನು ಮೆಲ್ಲಗೆ ತಿರುಗಿಸಿ ಕೂರಿಸುವ ಉಪಾಯ ಬರೆದರು. ಅವರಿಗೆ 1909ರ ನೊಬೆಲ್ ಸಿಕ್ಕಿದ್ದು ಮಾತ್ರ ಥೈರಾಯ್ಡ್ ಕೆಲಸಕ್ಕೆ!

ಕೊಲ್ಲಾಪುರದ ಖಾಸಬಾಗ ಕುಸ್ತಿ ಮೈದಾನ ಶಾಹು ಮಹಾರಾಜರ ಕಾಲದ್ದು, 1912ರಲ್ಲಿ ಪೂರ್ಣಗೊಂಡಿತು. ದಾನೋಳಿ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ಹುಡುಗರಿಗೆ ಕುಸ್ತಿಯ ಹುಚ್ಚು ಹೊಸದಲ್ಲ. ಆದರೆ ಅಖಾಡದ ಮಣ್ಣಿನಲ್ಲೇ ಕೈ ಎಳೆದು ಭುಜ ಕೂರಿಸುವುದು ಜೂಜು. ಕೀಲು ತಪ್ಪಿದಾಗ ಎಲುಬೂ ಮುರಿದಿರಬಹುದು, ನರವೂ ಜಗ್ಗಿರಬಹುದು. ಡಾಕ್ಟರು ಮೊದಲು ರಟ್ಟೆಯ ಹೊರಮೈ ಮುಟ್ಟಿ ‘ತಿಳಿಯುತ್ತದಾ?’ ಎಂದು ಕೇಳುವುದು ಆ ನರಕ್ಕಾಗಿಯೇ. ಎಕ್ಸ್‌ರೇ ಆಮೇಲೆ, ಕೂರಿಸುವುದು ಅದಕ್ಕೂ ಆಮೇಲೆ. ಇಪ್ಪತ್ತು ವಯಸ್ಸಿನೊಳಗೆ ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವುದೇ ಹೆಚ್ಚು. ಹಾಗಾದರೆ ದುರ್ಬೀನಿನ ಆಪರೇಷನ್ನಿನಲ್ಲಿ ಗುಂಡಿಯ ಹರಿದ ಅಂಚನ್ನು ಹೊಲಿಯುತ್ತಾರೆ.

ಭುಜದ ಆಪರೇಷನ್ ಆದರೆ ಆಟ ಮುಗಿಯಿತೇ? ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಕಿತ್ತರು.

ಪೆಟ್ಟಾದ ಮೊಣಕೈಗೆ ಎಣ್ಣೆ ಹಚ್ಚಿ ತಿಕ್ಕಿದರೆ ಏನಾಗುತ್ತದೆ ಗೊತ್ತೇ? ಸ್ನಾಯುವಿನೊಳಗೇ ಎಲುಬು ಬೆಳೆಯಬಹುದು! ಕೀಲು ಬಿಗಿದು ಕೈ ಬಾಯಿಗೆ ಮುಟ್ಟದಂತಾಗುತ್ತದೆ. ಬಲವಂತವಾಗಿ ಮಡಿಸಿ ಚಾಚಿಸಿದರೂ ಅದೇ ಗತಿ. ನಮ್ಮ ಕಡೆ ಪ್ರೀತಿಯಿಂದ ಮಾಡುವ ಕೆಡುಕುಗಳಲ್ಲಿ ಈ ತಿಕ್ಕುವಿಕೆಗೇ ಮೊದಲ ಸ್ಥಾನ ಕೊಡಬೇಕು.

ಅದಕ್ಕಿಂತ ಭಯದ್ದು ಬಿಗಿ ಕಟ್ಟು. ಮರದಿಂದ ಬಿದ್ದ ಮಗುವಿನ ಎಲುಬು ಮೊಣಕೈಯ ತುಸು ಮೇಲೆ ಮುರಿಯುವುದು ತೀರ ಸಾಮಾನ್ಯ. ಅದರ ಮೇಲೆ ಬಿದಿರಿನ ದಬ್ಬೆ ಇಟ್ಟು ಬಿಗಿದರೆ ರಕ್ತ ಓಡಾಡದೆ ಮುಂಗೈ ಸ್ನಾಯು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ, ಬೆರಳುಗಳು ಹಕ್ಕಿಯ ಪಂಜದಂತೆ ಬಾಗಿ ನಿಲ್ಲುತ್ತವೆ. ಜರ್ಮನಿಯ ಫೋಲ್ಕ್‌ಮನ್ 1881ರಲ್ಲೇ ಇದನ್ನು ವಿವರಿಸಿದ್ದರು. ಮಗುವಿನ ಬೆರಳು ನೀವು ಚಾಚಿದಾಗ ಅದು ಚೀರಿದರೆ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಬೆಳಗಿನ ತನಕ ಕಾಯಬೇಡಿ. ಕಟ್ಟು ಸಡಿಲಿಸಿ, ಓಡಿ.

ಜಾತ್ರೆಯ ಗದ್ದಲದಲ್ಲಿ ಎರಡು ವರ್ಷದ ಕೂಸನ್ನು ಒಂದೇ ಕೈ ಹಿಡಿದು ಎತ್ತಿದರೆ ಮೊಣಕೈಯಲ್ಲಿ ಮುಂಗೈ ಎಲುಬಿನ ತಲೆ ತನ್ನ ಪಟ್ಟಿಯಿಂದ ಜಾರುವುದುಂಟು. ಕೂಸು ಕೈ ಜೋತುಬಿಟ್ಟು ಅಳುತ್ತದೆ. ತಿಳಿದ ಡಾಕ್ಟರು ಒಮ್ಮೆ ತಿರುಗಿಸಿದರೆ ‘ಟಕ್’ ಎಂದು ಕೂರುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಕೈ ಚಾಕಲೇಟಿಗೆ ಚಾಚುತ್ತದೆ.

ಮೊಣಕೈಯ ಹೊರಬದಿ ನೋಯುವ ಟೆನಿಸ್ ಎಲ್ಬೋ ಬಂದವರಲ್ಲಿ ಬಹುಪಾಲು ಮಂದಿ ಟೆನಿಸ್ ಆಡಿದವರಲ್ಲ. ಸಚಿನ್ ತೆಂಡೂಲ್ಕರ್ 2005ರಲ್ಲಿ ಇದಕ್ಕೆ ಆಪರೇಷನ್ ಮಾಡಿಸಿಕೊಂಡದ್ದು ದೊಡ್ಡ ಸುದ್ದಿಯಾಯಿತು. ಕಬ್ಬು ಕಡಿಯುವವರಿಗೆ, ಮಗ್ಗದ ಬೋಲ್ಟು ಬಿಗಿಯುವವರಿಗೆ, ಒದ್ದೆ ಸೀರೆ ಹಿಂಡುವವರಿಗೆ ಬಂದರೆ ಸುದ್ದಿಯಿಲ್ಲ. ವಿಶ್ರಾಂತಿ, ವ್ಯಾಯಾಮದಿಂದ ಹೆಚ್ಚಿನವರಿಗೆ ವರ್ಷದೊಳಗೆ ಇಳಿಯುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ನಿನ ಆರಾಮು ಬೇಗ ಬರುತ್ತದೆ, ನೋವು ತಿರುಗಿಯೂ ಬರುತ್ತದೆ.

ಪೆಟ್ಟಿಲ್ಲದೆಯೇ ಭುಜ ಬಿಗಿಯುತ್ತಿದೆಯೇ? ಸಕ್ಕರೆ ಪರೀಕ್ಷೆ ಮಾಡಿಸಿ. ಮಧುಮೇಹಿಗಳಲ್ಲಿ ಇದು ಬಹಳ.

ಮಿರಜಿನಲ್ಲಿ ಮಿಷನರಿ ವೈದ್ಯ ಡಾ. ವಾನ್ಲೆಸ್ ಆಸ್ಪತ್ರೆ ತೆರೆದದ್ದು 1894ರಲ್ಲಿ. ಕರ್ನಾಟಕ-ಮಹಾರಾಷ್ಟ್ರ ಗಡಿಯ ಎರಡೂ ಕಡೆಯ ಕನ್ನಡಿಗರಿಗೆ ಮಿರಜಿನ ದಾರಿ ಗೊತ್ತಿದೆ. ಪೆಟ್ಟಾಗಿ ಆಸ್ಪತ್ರೆಗೆ ಹೊರಡುವ ಮುನ್ನ ಇಷ್ಟು ಮಾಡಿ: ಉಂಗುರ, ಬಳೆ ತೆಗೆಯಿರಿ, ಕೈಯನ್ನು ಇದ್ದ ಹಾಗೆಯೇ ಟವೆಲಿನ ಜೋಳಿಗೆಯಲ್ಲಿ ಕಟ್ಟಿ, ಅರಿವಳಿಕೆ ಬೇಕಾಗಬಹುದು, ಚಹಾ ಕೂಡ ಕುಡಿಸಬೇಡಿ. ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ.