ಸೀಟು, ವಿದ್ಯಾರ್ಥಿವೇತನಕ್ಕಾಗಿ ಕಾಯುವ ತಿಂಗಳುಗಳು: ಎಲ್ಲಿ ಏನು ನಡೆಯುತ್ತಿರುತ್ತದೆ?

ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಿಗೆ ಪರೀಕ್ಷೆಯ ದಿನಗಳಿಗಿಂತ ಅದರ ನಂತರದ ಮೂರು-ನಾಲ್ಕು ತಿಂಗಳುಗಳೇ ಭಾರ. ಪರೀಕ್ಷೆಗಾದರೆ ಓದುವ ಕೆಲಸವಿತ್ತು. ಈಗ ಸಿಇಟಿ ರ‍್ಯಾಂಕ್ ಬಂದಿರುತ್ತದೆ, ಸೀಟು ಬಂದಿರುವುದಿಲ್ಲ. ಸೀಟು ಬಂದರೂ ಶುಲ್ಕಕ್ಕೆ ನೆಚ್ಚಿಕೊಂಡ ವಿದ್ಯಾರ್ಥಿವೇತನ ಬಂದಿರುವುದಿಲ್ಲ. ಜೈನ ಕುಟುಂಬಗಳಿಗೆ ಈ ಅವಧಿ ಸಾಮಾನ್ಯವಾಗಿ ಚಾತುರ್ಮಾಸದ ಜೊತೆಗೇ ಬರುತ್ತದೆ. ಬಸದಿಯಲ್ಲಿ, ಪ್ರವಚನ ಮುಗಿದ ಮೇಲೆ, ಮದುವೆ ಮನೆಯಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ: "ಏನಪ್ಪಾ, ಎಲ್ಲಿ ಸಿಕ್ತು ಸೀಟು?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ದಿನಕ್ಕೆ ನಾಲ್ಕು ಬಾರಿ "ಇನ್ನೂ ಇಲ್ಲ" ಎಂದು ಹೇಳಬೇಕಾದ ಹುಡುಗ ಐದನೇ ದಿನ ಬಸದಿಗೆ ಬರುವುದನ್ನೇ ಬಿಡುತ್ತಾನೆ.

ಈ ಆತಂಕದಲ್ಲಿ ಒಂದು ಪಾಲು ತಪ್ಪಿಸಲಾಗದ್ದು. ಆದರೆ ದೊಡ್ಡ ಪಾಲು, ಅರ್ಜಿ ಈಗ ಯಾರ ಕೈಯಲ್ಲಿದೆ ಎಂದು ತಿಳಿಯದಿರುವುದರಿಂದ ಬರುವಂಥದ್ದು. ಕೆಲವು ಹಂತಗಳಲ್ಲಿ ವಿದ್ಯಾರ್ಥಿ ಮಾಡಬಹುದಾದದ್ದು ಏನೂ ಇರುವುದಿಲ್ಲ. ಮತ್ತೆ ಕೆಲವು ಹಂತಗಳಲ್ಲಿ ಅರ್ಜಿ ಅವನಿಗಾಗಿಯೇ ಕಾಯುತ್ತಾ ನಿಂತಿರುತ್ತದೆ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುವುದರಿಂದ ಮೊದಲನೆಯದರಲ್ಲಿ ನಿದ್ದೆಗೆಡುವ ಕುಟುಂಬಗಳೇ ಎರಡನೆಯದರಲ್ಲಿ ಸುಮ್ಮನೆ ಕುಳಿತು ಅವಕಾಶ ಕಳೆದುಕೊಳ್ಳುತ್ತವೆ.

ಸೀಟು ಹಂಚಿಕೆ ಹೇಗೆ ನಡೆಯುತ್ತದೆ

ಎಂಜಿನಿಯರಿಂಗ್‌ಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನೀಡುವ ರ‍್ಯಾಂಕ್‌ನಲ್ಲಿ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಶೇ 50 ಮತ್ತು ಸಿಇಟಿ ಅಂಕಗಳಿಗೆ ಶೇ 50 ತೂಕ. ವೈದ್ಯಕೀಯಕ್ಕೆ ನೀಟ್ ಅಂಕವೇ ಆಧಾರ. ರ‍್ಯಾಂಕ್ ಬಂದ ಮೇಲೆ ವಿದ್ಯಾರ್ಥಿ ತನಗೆ ಬೇಕಾದ ಕಾಲೇಜು ಮತ್ತು ಕೋರ್ಸ್‌ಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸಬೇಕು. ಇದೇ ಆಪ್ಷನ್ ಎಂಟ್ರಿ. ಆನಂತರ ಅಣಕು ಸೀಟು ಹಂಚಿಕೆ, ಅದನ್ನು ನೋಡಿ ಪಟ್ಟಿ ಬದಲಿಸಿಕೊಳ್ಳಲು ಅವಕಾಶ, ಬಳಿಕ ಮೊದಲ ಸುತ್ತಿನ ನಿಜವಾದ ಹಂಚಿಕೆ.

ಹೆಚ್ಚಿನ ಮನೆಗಳಲ್ಲಿ ಜಗಳ ನಡೆಯುವುದು ಈ ಪಟ್ಟಿಯ ಮೇಲೆ. ತಂದೆಯ ವಾದ: "ಆ ಕಾಲೇಜು ನಿನಗೆ ಹೇಗೂ ಸಿಗಲ್ಲ, ಅದನ್ನ ಮೊದಲು ಹಾಕಿ ಸಿಗೋದನ್ನೂ ಕಳ್ಕೋಬೇಡ." ಈ ಭಯಕ್ಕೆ ಆಧಾರವಿಲ್ಲ. ಕಂಪ್ಯೂಟರ್ ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರನ್ನಾಗಿ ತೆಗೆದುಕೊಳ್ಳುತ್ತದೆ. 20,000ನೇ ರ‍್ಯಾಂಕ್‌ನವರ ಸರದಿ ಬಂದಾಗ ಅವರ ಮೊದಲ ಆಯ್ಕೆಯಲ್ಲಿ ಸೀಟು ಉಳಿದಿದೆಯೇ ಎಂದು ನೋಡುತ್ತದೆ. ಇದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದು, ಮೂರನೆಯದು ಹೀಗೆ ಕೆಳಗಿಳಿಯುತ್ತದೆ. ಅವರ ಪಟ್ಟಿಯನ್ನು ಪೂರ್ತಿ ನೋಡಿ ಮುಗಿಸದೆ 20,001ನೇ ರ‍್ಯಾಂಕ್‌ಗೆ ಹೋಗುವುದಿಲ್ಲ. ಹಾಗಾಗಿ ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಕಾಲೇಜು ಕೈತಪ್ಪುವುದಿಲ್ಲ. ತಿರುಗಾಮುರುಗಾ ಮಾಡಿದರೆ ಮಾತ್ರ ನಷ್ಟ: ಖಂಡಿತ ಸಿಗುವುದನ್ನು ಮೇಲೆ ಬರೆದರೆ ಅದೇ ಸಿಗುತ್ತದೆ, ಅದಕ್ಕಿಂತ ಒಳ್ಳೆಯದು ಖಾಲಿ ಇದ್ದರೂ ಕಂಪ್ಯೂಟರ್ ಅಲ್ಲಿಗೆ ಬರುವುದೇ ಇಲ್ಲ. ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯುವುದು, ಪಟ್ಟಿಯನ್ನು ಉದ್ದವಾಗಿಡುವುದು, ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಸುಮ್ಮನೆ ಸೇರಿಸದಿರುವುದು, ಇಷ್ಟು ಮಾಡಿದ ಮೇಲೆ ಹಳೆಯ ವರ್ಷಗಳ ಕಟ್ ಆಫ್ ಪಟ್ಟಿಗಳನ್ನು ರಾತ್ರಿಯೆಲ್ಲ ತಿರುವಿ ಹಾಕುವುದರಿಂದ ಫಲಿತಾಂಶದಲ್ಲಿ ಬದಲಾಗುವುದೇನೂ ಇಲ್ಲ.

ಸೀಟು ಹಂಚಿಕೆಯಾದ ಮೇಲೆ ವಿದ್ಯಾರ್ಥಿಯ ಮುಂದೆ ನಾಲ್ಕು ಚಾಯ್ಸ್‌ಗಳು ಇರುತ್ತವೆ. ಒಂದನೆಯದು, ಸೀಟನ್ನು ಒಪ್ಪಿ ಶುಲ್ಕ ಕಟ್ಟಿ ಕಾಲೇಜು ಸೇರುವುದು. ಎರಡನೆಯದು, ಸೀಟನ್ನು ಹಿಡಿದಿಟ್ಟುಕೊಂಡು ಪಟ್ಟಿಯಲ್ಲಿ ಅದಕ್ಕಿಂತ ಮೇಲಿನ ಆಯ್ಕೆಗಳಿಗಾಗಿ ಮುಂದಿನ ಸುತ್ತಿಗೆ ಹೋಗುವುದು. ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ, ಸಿಗದಿದ್ದರೆ ಹಳೆಯದು ಉಳಿಯುತ್ತದೆ. ಮೂರನೆಯದು, ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡು ಮತ್ತು ಮೂರರ ನಡುವೆ ಗೊಂದಲ ಮಾಡಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಸೀಟು ಕೈಯಲ್ಲಿದೆ ಎಂದುಕೊಂಡು ಮೂರನೆಯದನ್ನು ಒತ್ತಿದವರಿಗೆ ಮುಂದಿನ ಸುತ್ತು ಮುಗಿಯುವವರೆಗೂ ನೆಮ್ಮದಿ ಇರುವುದಿಲ್ಲ. ಪ್ರತಿ ಹಂತಕ್ಕೂ ಕೊನೆಯ ದಿನ, ಗಂಟೆ ನಿಗದಿಯಾಗಿರುತ್ತದೆ. ಚಾಯ್ಸ್ ದಾಖಲಿಸುವ ದಿನವೇ ಯಾತ್ರೆಗೋ ಮದುವೆಗೋ ಹೊರಟಿದ್ದರೆ ಪಾಸ್‌ವರ್ಡ್ ಮತ್ತು ಒಟಿಪಿ ಬರುವ ಮೊಬೈಲ್ ವಿದ್ಯಾರ್ಥಿಯ ಬಳಿಯೇ ಇರಬೇಕು. ಆ ನಂಬರ್ ಸೈಬರ್ ಸೆಂಟರ್‌ನವರದ್ದಾಗಿದ್ದರೆ ತೊಂದರೆ ಇನ್ನೂ ದೊಡ್ಡದು.

ಜೈನ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಎರಡು ಬೇರೆ ಬೇರೆ ಸಂಗತಿಗಳು

ಇಲ್ಲಿ ಸಮಾಜದಲ್ಲಿ ಬಹಳ ವರ್ಷಗಳಿಂದ ಇರುವ ಒಂದು ಗೊಂದಲವನ್ನು ಬಿಡಿಸಬೇಕು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿ ಅಡಿ ಬರುತ್ತಾರೆ. ಲಿಂಗಾಯತ, ಮರಾಠ, ಬಂಟ ಮೊದಲಾದ ಸಮುದಾಯಗಳೂ ಅದರಲ್ಲೇ ಇವೆ. ಇದು ಸೀಟಿನ ಮೀಸಲಾತಿಗೆ ಸಂಬಂಧಿಸಿದ್ದು; ಆದಾಯ ಮಿತಿಯೊಳಗಿರುವವರು ನಾಡಕಚೇರಿಯಿಂದ ಪಡೆದ ಜಾತಿ-ಆದಾಯ ಪ್ರಮಾಣಪತ್ರ ಇದಕ್ಕೆ ಬೇಕು. ಅಲ್ಪಸಂಖ್ಯಾತ ಎಂಬುದು ಬೇರೆಯೇ ವಿಷಯ. ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಇದು ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲದೆ ಎಲ್ಲ ಜೈನರಿಗೂ ಅನ್ವಯ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ, ಸಾಲ ಯೋಜನೆಗಳಿಗೆ ಇದು ದಾರಿ. ಇದರಿಂದ ಸಿಇಟಿ ಸೀಟಿಗೆ 3ಬಿ ಮೀಸಲಾತಿ ಸಿಗುವುದಿಲ್ಲ. "ನಾವು ಅಲ್ಪಸಂಖ್ಯಾತರು, ಕೋಟಾ ಇದೆ" ಎಂದು ನಂಬಿ ಜಾತಿ ಪ್ರಮಾಣಪತ್ರ ಮಾಡಿಸದೆ ಕುಳಿತ ದಿಗಂಬರ ಕುಟುಂಬದ ಮಗುವನ್ನು ಸಾಮಾನ್ಯ ವರ್ಗದಲ್ಲೇ ಪರಿಗಣಿಸಲಾಗುತ್ತದೆ.

ಇನ್ನೊಂದು ಸಾಮಾನ್ಯ ತೊಡಕು ಹೆಸರಿನದು. ಆಧಾರ್‌ನಲ್ಲಿ ಹೆಸರಿನ ಕೊನೆಗೆ ಜೈನ್ ಎಂದಿರುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವುದಿಲ್ಲ; ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಮನೆಯಲ್ಲಿ ಇದು ಯಾರಿಗೂ ದೊಡ್ಡ ವಿಷಯವಲ್ಲ, ಕಂಪ್ಯೂಟರ್‌ಗೆ ಮಾತ್ರ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೂ ದಾಖಲೆಯೇ ಪ್ರಾಣ: 1ರಿಂದ 10ನೇ ತರಗತಿಯವರೆಗಿನ ಓದಿನ ಪ್ರಮಾಣಪತ್ರ ಶಾಲೆಯಿಂದ ಬರಬೇಕು, ಮತ್ತು ರಜೆಯಲ್ಲಿ ಮುಖ್ಯೋಪಾಧ್ಯಾಯರು ಊರಲ್ಲಿರುವುದು ಅಪರೂಪ.

ಭಯದಲ್ಲಿ ಕಟ್ಟುವ ಹಣ

ಕಾಯುವ ದಿನಗಳಲ್ಲೇ ಫೋನ್ ಕರೆಗಳು ಶುರುವಾಗುತ್ತವೆ. "ಮ್ಯಾನೇಜ್‌ಮೆಂಟ್ ಸೀಟು ಎರಡೇ ಉಳಿದಿದೆ, ಇವತ್ತೇ ಅಡ್ವಾನ್ಸ್ ಕಟ್ಟಿ" ಎನ್ನುವ ಮಧ್ಯವರ್ತಿಗಳಿಗೆ ಪಾಲಕರ ಆತಂಕವೇ ಬಂಡವಾಳ. ಅಂಗಡಿ ವಹಿವಾಟಿನಲ್ಲಿ ಒಂದು ರೂಪಾಯಿಗೂ ರಸೀದಿ ಕೇಳುವವರು ಇಲ್ಲಿ ಲಕ್ಷಗಳನ್ನು ಬಾಯಿಮಾತಿನ ಮೇಲೆ ಕೊಟ್ಟುಬಿಡುತ್ತಾರೆ. ಕಟ್ಟಲೇಬೇಕಾದರೆ ಕಾಲೇಜಿನ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು. ಎಐಸಿಟಿಇ ಅನುಮೋದಿತ ಕಾಲೇಜಿನಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿ, ಎಐಸಿಟಿಇ ವೇಳಾಪಟ್ಟಿಯ ಕೊನೆಯ ದಿನದೊಳಗೆ ಸೀಟು ಬಿಟ್ಟರೆ ಗರಿಷ್ಠ 1,000 ರೂ. ಮಾತ್ರ ಹಿಡಿದುಕೊಂಡು ಉಳಿದ ಶುಲ್ಕವನ್ನು ಮರಳಿಸಬೇಕೆಂಬ ನಿಯಮವಿದೆ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಮಧ್ಯವರ್ತಿಯ ಕೈಗೆ ಹೋದ ಹಣಕ್ಕೆ ಈ ಯಾವ ನಿಯಮದ ರಕ್ಷಣೆಯೂ ಇಲ್ಲ.

ಖರ್ಚಿನ ಚಿಂತೆ ಇರುವವರು ಸೂಪರ್ ನ್ಯೂಮರರಿ ಕೋಟಾ (ಎಸ್‌ಎನ್‌ಕ್ಯು) ಕಡೆ ನೋಡಬೇಕು. ಎಂಜಿನಿಯರಿಂಗ್‌ನಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕ ಇರುವುದಿಲ್ಲ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಒಳಗಿರಬೇಕು. ಇನ್ನು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ವಿದ್ಯಾರ್ಥಿವೇತನವಲ್ಲ, ಕಡಿಮೆ ದರದ ಸಾಲ. ಓದು ಮುಗಿದ ಮೇಲೆ ತೀರಿಸಬೇಕು. ಇದನ್ನು ಸಹಾಯಧನ ಎಂದುಕೊಂಡು ಸೇರಿದವರಿದ್ದಾರೆ.

ವಿದ್ಯಾರ್ಥಿವೇತನ: ಅರ್ಜಿ ಎಲ್ಲಿ ನಿಂತಿದೆ?

ವಿದ್ಯಾರ್ಥಿವೇತನದ ಕಾಯುವಿಕೆ ಸೀಟಿಗಿಂತ ದೀರ್ಘ. ಕಾಲೇಜು ಸೇರಿ, ಸೆಮಿಸ್ಟರ್ ಮುಗಿದರೂ ಹಣ ಬಾರದಿರುವುದು ಅಪರೂಪವೇನಲ್ಲ. ರಾಜ್ಯದ ಯೋಜನೆಗಳಿಗೆ ಎಸ್‌ಎಸ್‌ಪಿ, ಕೇಂದ್ರದವುಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ (ಎನ್‌ಎಸ್‌ಪಿ). ಪ್ರತಿಭೆಯ ಆಧಾರದ ಕೇಂದ್ರೀಯ ವಿದ್ಯಾರ್ಥಿವೇತನಕ್ಕೆ ಆಯಾ ಬೋರ್ಡ್‌ನ 12ನೇ ತರಗತಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಕುಟುಂಬದ ಆದಾಯ 4.5 ಲಕ್ಷ ರೂ. ಮೀರಬಾರದು, ಪದವಿ ವಿದ್ಯಾರ್ಥಿಗೆ ವರ್ಷಕ್ಕೆ 12,000 ರೂ. ತಾಂತ್ರಿಕ ಕೋರ್ಸ್ ಸೇರುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000 ರೂ. ಇದೆ, ಒಂದು ಕುಟುಂಬದ ಇಬ್ಬರಿಗೆ ಮಾತ್ರ. ಅಲ್ಪಸಂಖ್ಯಾತರ ಯೋಜನೆಗಳ ವಿಷಯದಲ್ಲಿ ಆಯಾ ಸಾಲಿಗೆ ಹೊಸ ಅರ್ಜಿ ಕರೆದಿದ್ದಾರೆಯೇ ಎಂಬುದನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಪ್ರಕಟಣೆಗಳಲ್ಲಿ ಹಲವು ಹಳೆಯವು.

ಎನ್‌ಎಸ್‌ಪಿ ಅರ್ಜಿ ಸಲ್ಲಿಸಿದೊಡನೆ ಅದು ಮೊದಲು ಹೋಗುವುದು ಸರ್ಕಾರಕ್ಕಲ್ಲ, ವಿದ್ಯಾರ್ಥಿಯ ಕಾಲೇಜಿಗೇ. ಅಲ್ಲಿನ ನೋಡಲ್ ಅಧಿಕಾರಿ ಪರಿಶೀಲಿಸಿದ ಮೇಲಷ್ಟೇ ಮೇಲಿನ ಹಂತದ ಪರಿಶೀಲನೆಗೆ ಹೋಗುತ್ತದೆ. ಸ್ಥಿತಿ ಕಾಲೇಜು ಹಂತದಲ್ಲೇ ನಿಂತಿದ್ದರೆ ಕಾಯುವುದು ಸರಿಯಲ್ಲ; ಕಚೇರಿಗೆ ಹೋಗಿ ಯಾರು ನೋಡಲ್ ಅಧಿಕಾರಿ ಎಂದು ಕೇಳಿ, ಪ್ರತಿಗಳನ್ನು ಕೊಟ್ಟು ಬರಬೇಕು. ಗಡುವು ಮುಗಿದರೆ ಕಾಲೇಜು ಪರಿಶೀಲಿಸದ ಅರ್ಜಿ ಅಲ್ಲೇ ಸಾಯುತ್ತದೆ, ತಪ್ಪು ಯಾರದ್ದೇ ಆಗಿರಲಿ. ಸ್ಥಿತಿಯಲ್ಲಿ 'ಡಿಫೆಕ್ಟ್' ಎಂದು ಬಂದರೆ ಅದು ತಿರಸ್ಕಾರವಲ್ಲ. ತಿದ್ದಿ ಮತ್ತೆ ಕಳಿಸಲು ಅರ್ಜಿ ವಿದ್ಯಾರ್ಥಿಯ ಲಾಗಿನ್‌ಗೆ ವಾಪಸಾಗಿದೆ ಎಂದು ಅರ್ಥ. ಆ ಪದ ನೋಡಿ ಎದೆಯೊಡೆದು ಕೈಬಿಟ್ಟವರೇ ಹೆಚ್ಚು. ಮೇಲಿನ ಹಂತಕ್ಕೆ ಹೋದ ಮೇಲೆ ಮಾತ್ರ ನಿಜವಾಗಿ ಕಾಯುವುದೇ ಕೆಲಸ. ವಾರಕ್ಕೊಮ್ಮೆ ನೋಡಿದರೆ ಸಾಕು.

ಕೊನೆಯ ಹಂತ ಬ್ಯಾಂಕಿನದು. ಆಧಾರ್ ಮೂಲಕ ಪಾವತಿಯಾಗುವ ಹಣ ವಿದ್ಯಾರ್ಥಿ ಯಾವ ಖಾತೆಯನ್ನು ಕೊನೆಯದಾಗಿ ಆಧಾರ್‌ಗೆ ಮ್ಯಾಪ್ ಮಾಡಿಸಿದ್ದಾನೋ ಅದಕ್ಕೆ ಹೋಗುತ್ತದೆ. ಊರಿನ ಬ್ಯಾಂಕಿನ ಪಾಸ್‌ಬುಕ್ ಹಿಡಿದು ತಾಯಿ ತಿಂಗಳುಗಟ್ಟಲೆ ಅಲೆಯುತ್ತಿರುವಾಗ, ಹಣ ಹಾಸ್ಟೆಲ್ ಪಕ್ಕದ ಬ್ಯಾಂಕಿನಲ್ಲಿ ಮಗ ತೆರೆದ ಹೊಸ ಖಾತೆಯಲ್ಲಿ ಕುಳಿತಿರುತ್ತದೆ. ರಾಜ್ಯದ ಪಾವತಿಗಳನ್ನು 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ನೋಡಬಹುದು. ಬಹುಕಾಲ ಬಳಸದೆ ನಿಷ್ಕ್ರಿಯವಾದ ಖಾತೆಗೆ ಹಣ ಹೋಗದೆ ಹಿಂದಿರುಗುವುದೂ ಉಂಟು.

ಮನೆಯೊಳಗೆ

ಇಷ್ಟೆಲ್ಲ ತಿಳಿದಿದ್ದರೂ ಫಲಿತಾಂಶದ ಹಿಂದಿನ ರಾತ್ರಿ ನಿದ್ದೆ ಬಾರದು. ಹೊಂಬುಜಕ್ಕೆ ಹೋಗಿ ಪದ್ಮಾವತಿ ಅಮ್ಮನವರ ದರ್ಶನ ಮಾಡಿ ಬರುವ, ಸೀಟು ಸಿಗುವವರೆಗೆ ಸಿಹಿ ಬಿಡುವ ತಾಯಂದಿರು ಇದ್ದಾರೆ. ಅದು ಅವರಿಗೆ ಬಲ ಕೊಡುತ್ತದೆ. ಆದರೆ ತನ್ನ ಅಂಕಗಳಿಂದಾಗಿ ಅಮ್ಮ ಊಟ ಬಿಟ್ಟಿದ್ದಾಳೆ ಎಂದು ಮಗುವಿಗೆ ಅನಿಸಿದರೆ ಅದು ಹೊರಲಾರದ ಹೊರೆ. ಸೀಟು ತಪ್ಪಿದರೆ ಏನು ಎಂಬ ಮಾತನ್ನು ಫಲಿತಾಂಶಕ್ಕೆ ಮುಂಚೆಯೇ ಆಡಿಕೊಂಡ ಮನೆಗಳಲ್ಲಿ ಭಯ ಕಡಿಮೆ: ಇನ್ನೊಂದು ಕೋರ್ಸ್, ಹತ್ತಿರದ ಪದವಿ ಕಾಲೇಜು, ಒಂದು ವರ್ಷ ಬಿಟ್ಟು ಮತ್ತೆ ಬರೆಯುವುದು, ಯಾವುದಕ್ಕೆ ಮನೆಯವರು ಸಿದ್ಧ ಎಂದು ಮಗುವಿಗೆ ಗೊತ್ತಿರಬೇಕು. ದೂರದ ಊರಿನಲ್ಲಿ ಸೀಟು ಸಿಕ್ಕರೆ ಜೈನ ಬೋರ್ಡಿಂಗ್‌ನಲ್ಲಿ ಜಾಗ ಇದೆಯೇ, ಸೂರ್ಯಾಸ್ತದೊಳಗೆ ಊಟ ಸಿಗುವುದೇ ಎಂಬುದನ್ನೂ ಈ ದಿನಗಳಲ್ಲೇ ವಿಚಾರಿಸಿಡಬಹುದು. ಮಗು ಊಟ, ನಿದ್ದೆ, ಮಾತು ಬಿಟ್ಟು ಕೋಣೆಯಲ್ಲೇ ಉಳಿದರೆ ಅದನ್ನು ಮೂಡು ಎಂದು ತಳ್ಳಿಹಾಕಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಸಮಾಜದ ಟ್ರಸ್ಟ್‌ಗಳು, ಮಠಗಳು, ಸಂಘಗಳು ಕೊಡುವ ಪ್ರತಿಭಾ ವಿದ್ಯಾರ್ಥಿವೇತನಗಳದ್ದು ಮತ್ತೊಂದು ಬಗೆಯ ಕಾಯುವಿಕೆ. ಇಲ್ಲಿ ಪೋರ್ಟಲ್ ಇಲ್ಲ, ಸ್ಥಿತಿ ತೋರಿಸುವ ಪುಟವಿಲ್ಲ. ಆಯ್ಕೆಯಾದವರಿಗೆ ಸಮಾರಂಭದ ಆಮಂತ್ರಣ ಬರುತ್ತದೆ. ಉಳಿದವರು ವೇದಿಕೆಯ ಫೋಟೋ ನೋಡಿ ತಮಗೆ ಸಿಗಲಿಲ್ಲ ಎಂದು ತಿಳಿದುಕೊಳ್ಳುತ್ತಾರೆ. ಅರ್ಜಿದಾರರು ಒಮ್ಮೆ ಕರೆ ಮಾಡಿ ಸಭೆ ಯಾವಾಗ ಎಂದು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಹಾಗೆಯೇ ಅರ್ಜಿ ತಲುಪಿದೆ ಎಂದು ಒಂದು, ಈ ಬಾರಿ ಆಯ್ಕೆಯಾಗಿಲ್ಲ ಎಂದು ಒಂದು, ಎರಡು ಸಾಲಿನ ಎರಡು ಸಂದೇಶಗಳನ್ನು ಕಳಿಸುವುದು ಸಮಿತಿಗಳ ಕಾರ್ಯದರ್ಶಿಗಳಿಗೆ ಅರ್ಧ ದಿನದ ಕೆಲಸ. ಅದು ಬಂದ ದಿನವೇ ಆ ವಿದ್ಯಾರ್ಥಿ ಬೇರೆ ಕಡೆ ಅರ್ಜಿ ಹಾಕಬಹುದು, ಕೊನೆಯ ದಿನಾಂಕ ಇನ್ನೂ ಉಳಿದಿರುವಾಗಲೇ.